ನೀರಿನ ಪರೀಕ್ಷೆ ನಲ್ಲಿಯ ಬಾಯಲ್ಲಿ ನಡೆಯಲಿ: ಕೊಡಗಿನ ನೀರು ಸರಬರಾಜು ನೋಡಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕೊಡಗು ಜಿಲ್ಲೆಯ ಪಟ್ಟಣಗಳಲ್ಲೂ ಗ್ರಾಮಗಳಲ್ಲೂ ಕುಡಿಯುವ ನೀರಿನ ಹೊಣೆ ಹೊತ್ತಿರುವ ಅಧಿಕಾರಿಗಳು, ಎಂಜಿನಿಯರುಗಳು ಹಾಗೂ ಚುನಾಯಿತ ಸದಸ್ಯರು

ವಿಷಯ: ನೀರಿಗೆ ಕ್ಲೋರಿನ್ ಬೆರೆಸುವ ಕ್ರಮ, ಅದರಿಂದ ಪೈಪುಗಳಿಗೆ ಹಿಡಿಯುವ ತುಕ್ಕು ಮತ್ತು ಮನೆಯ ನಲ್ಲಿಯಲ್ಲಿ ಬರುವ ಲೋಹಗಳ ಪರೀಕ್ಷೆ ಕುರಿತು.

ಮಾನ್ಯರೇ,

ನಾನು ಈ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿ ಪೈಪು, ನಲ್ಲಿ, ವಾಲ್ವುಗಳ ಅಂಗಡಿ ನಡೆಸುವವನು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, ಆಮೇಲೆ ತಂದೆಯವರು ನಡೆಸುತ್ತಿದ್ದ ಅಂಗಡಿಯಲ್ಲೇ ಬಂದು ಕುಳಿತೆ. ಪೈಪು ಹಾಳಾದಷ್ಟೂ ನನಗೆ ವ್ಯಾಪಾರ ಎಂಬುದು ನಿಜ, ಹಾಗಾಗಿ ಈ ಪತ್ರವನ್ನು ತಾವು ಆ ಎಚ್ಚರ ಇಟ್ಟುಕೊಂಡೇ ಓದಬಹುದು. ಆದರೆ ಊರಿನ ಯಾವ ಮೂಲೆಯಲ್ಲಿ ಪೈಪು ಕಟ್ಟಿಕೊಂಡರೂ, ಒಡೆದರೂ, ಅದರ ತುಂಡು ಮೊದಲು ಬಂದು ಬೀಳುವುದು ನನ್ನ ಕೌಂಟರಿನ ಮೇಲೆ. ‘ಇದೇ ಸೈಜಿನದು ಕೊಡಿ’ ಎಂದು ಹಳೆಯದನ್ನು ತಂದು ತೋರಿಸುವುದು ಇಲ್ಲಿಯ ವಾಡಿಕೆ. ಕಚೇರಿಯ ಕಡತದಲ್ಲಿ ಕಾಣದ ಕೆಲವು ಸಂಗತಿಗಳು ಆ ತುಂಡುಗಳಲ್ಲಿ ಕಾಣುತ್ತವೆ. ಊರಿನ ಹೆಸರನ್ನೂ ಸಂಸ್ಥೆಯ ಹೆಸರನ್ನೂ ಬೇಕೆಂದೇ ಬರೆದಿಲ್ಲ. ಒಂದು ಊರಿನ ನೀರುಗಂಟಿಯನ್ನೋ ಒಬ್ಬ ಕಿರಿಯ ಎಂಜಿನಿಯರರನ್ನೋ ಕಟಕಟೆಗೆ ನಿಲ್ಲಿಸುವುದು ನನ್ನ ಉದ್ದೇಶವಲ್ಲ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ ಎಂದು ಯಾರೂ ಈ ಪತ್ರದಿಂದ ಅರ್ಥ ಮಾಡಿಕೊಳ್ಳಬಾರದು. ಮಳೆಗಾಲದಲ್ಲಿ ಗುಡ್ಡದ ಮೇಲಿನದೆಲ್ಲ ತೊಳೆದುಕೊಂಡು ತೋಡಿಗೆ, ತೋಡಿನಿಂದ ಹೊಳೆಗೆ ಇಳಿಯುವ ಈ ಜಿಲ್ಲೆಯಲ್ಲಿ ಟೈಫಾಯ್ಡ್, ಕಾಮಾಲೆ, ವಾಂತಿಭೇದಿಗಳನ್ನು ದೂರ ಇಟ್ಟಿರುವುದರಲ್ಲಿ ಕ್ಲೋರಿನ್ನಿನ ಪಾಲು ದೊಡ್ಡದು. ಅಮೆರಿಕದ ಜರ್ಸಿ ಸಿಟಿಯಲ್ಲಿ 1908ರಲ್ಲಿ ಊರಿನ ನೀರಿಗೆಲ್ಲ ಸತತವಾಗಿ ಕ್ಲೋರಿನ್ ಬೆರೆಸಲು ಶುರು ಮಾಡಿದ ಮೇಲೆ ಈ ಪದ್ಧತಿ ಜಗತ್ತಿನಾದ್ಯಂತ ಹಬ್ಬಿ, ಲೆಕ್ಕವಿಲ್ಲದಷ್ಟು ಜೀವ ಉಳಿಸಿದೆ. ನನ್ನ ದೂರು ಕ್ಲೋರಿನ್ನಿನ ಮೇಲಲ್ಲ. ಅದನ್ನು ಹಾಕುವಾಗ, ಅದು ಮೈಲುಗಟ್ಟಲೆ ಕಬ್ಬಿಣದ ಪೈಪಿನಲ್ಲಿ ಹರಿದು ಹೋಗಬೇಕು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ ಎಂಬುದು ನನ್ನ ದೂರು.

ನಮ್ಮ ಪಟ್ಟಣದಲ್ಲಿ ಕಂಡದ್ದನ್ನು ಹೇಳುತ್ತೇನೆ. ಓವರ್‌ಹೆಡ್ ಟ್ಯಾಂಕಿನ ಹತ್ತಿರದ ಬೀದಿಗಳಲ್ಲಿ ಕಕ್ಕಡದ, ಅಂದರೆ ಜುಲೈ-ಆಗಸ್ಟ್ ತಿಂಗಳ, ಮಳೆ ಹಿಡಿದಾಗ ನಲ್ಲಿ ತಿರುಗಿಸಿದರೆ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಅದೇ ಟ್ಯಾಂಕಿನ ನೀರು ಇಳಿಜಾರಿನ ಕೊನೆಯ ಬೀದಿಗೆ ಬರುವಷ್ಟರಲ್ಲಿ ವಾಸನೆಯೇ ಇರುವುದಿಲ್ಲ, ಬದಲಿಗೆ ಬಣ್ಣ ಬಂದಿರುತ್ತದೆ. ಬೆಳಗಿನ ಮೊದಲ ಕೊಡ ಕೆಂಪು. ಆ ನೀರಿನಲ್ಲಿ ಟೀ ಮಾಡಿದರೆ ಹಾಲು ಹಾಕುವ ಮೊದಲೇ ಡಿಕಾಕ್ಷನ್ ಮಸಿಯ ಬಣ್ಣಕ್ಕೆ ತಿರುಗುತ್ತದೆ. ಟೀ ಸೊಪ್ಪಿನ ಒಗರಿನ ಅಂಶ ಕಬ್ಬಿಣದೊಂದಿಗೆ ಸೇರಿದರೆ ಆಗುವುದೇ ಹಾಗೆ. ಮಕ್ಕಳ ಬಿಳಿ ಯೂನಿಫಾರ್ಮಿನ ಮೇಲೆ ಬಿದ್ದ ಹಳದಿ ಕಲೆಯನ್ನು ತೆಗೆಯಲು ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ ಎಂದು ಒಬ್ಬ ತಾಯಿ ನನ್ನಲ್ಲಿ ಅಚ್ಚರಿಪಟ್ಟು ಹೇಳಿದ್ದರು. ಪೈಪಿನ ಒಳಗೆ ನಡೆಯುತ್ತಿರುವುದೂ ಅದೇ. ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದೆ ಇರುವ ಕಬ್ಬಿಣವನ್ನು ಕ್ಲೋರಿನ್ ಕೆಂಪು ತುಕ್ಕಾಗಿ ಮಾರ್ಪಡಿಸುತ್ತದೆ, ಹಾಗೆ ಮಾಡುವಾಗ ತಾನು ಖರ್ಚಾಗಿ ಹೋಗುತ್ತದೆ.

ಕೊನೆಯ ಬೀದಿಯವರು ನೀರು ಕೆಂಪು ಬರುತ್ತಿದೆ ಎಂದು ದೂರು ಕೊಟ್ಟಾಗ ಆದದ್ದೇನೆಂದರೆ, ಟ್ಯಾಂಕಿಗೆ ಇನ್ನಷ್ಟು ಬ್ಲೀಚಿಂಗ್ ಪೌಡರ್ ಸುರಿದರು. ‘ಕಡೆಯಲ್ಲಿ ಕ್ಲೋರಿನ್ ಸಿಗ್ತಾ ಇಲ್ಲ ಅಂತ ಮೇಲಿನವರು ಹೇಳಿದ್ರು, ಅದಕ್ಕೆ ಜಾಸ್ತಿ ಹಾಕಿದೆ’ ಎಂದು ನೀರುಗಂಟಿ ನನಗೆ ಪ್ರಾಮಾಣಿಕವಾಗಿಯೇ ಹೇಳಿದರು. ಅವರ ತಪ್ಪೇನೂ ಇಲ್ಲ. ಅವರಿಗೆ ಕೊಟ್ಟಿರುವುದು ಒಂದು ಚೀಲ ಪುಡಿ, ಒಂದು ಬಕೆಟ್, ಒಂದು ಆದೇಶ. ಆ ಚೀಲವೂ ಬಾಯಿ ಬಿಚ್ಚಿಕೊಂಡು ಪಂಪ್‌ಹೌಸಿನ ಮೂಲೆಯಲ್ಲಿ ಮಳೆಗಾಲವಿಡೀ ತೇವ ಕುಡಿದಿರುತ್ತದೆ. ಹೊಸ ಪುಡಿಯಲ್ಲಿ ಶೇಕಡಾ 30ಕ್ಕೂ ಮೇಲೆ ಇರಬೇಕಾದ ಕ್ಲೋರಿನ್ ನಮ್ಮ ಹವೆಯಲ್ಲಿ ಎಷ್ಟು ಬೇಗ ಹಾರಿಹೋಗುತ್ತದೆ ಎಂಬುದನ್ನು ಅಳೆಯದೆ, ‘ಇಷ್ಟು ಲೀಟರಿಗೆ ಇಷ್ಟು ಹಿಡಿ’ ಎಂಬ ಲೆಕ್ಕದಲ್ಲಿ ಹಾಕಿದರೆ ಒಂದು ದಿನ ಕಡಿಮೆ, ಇನ್ನೊಂದು ದಿನ ವಿಪರೀತ ಆಗದೆ ಇನ್ನೇನಾಗುತ್ತದೆ?

ಈಗ ಪೈಪಿನ ಒಳಗೆ ಬರೋಣ. ಆ ಕೊನೆಯ ಬೀದಿಯ ಒಂದು ಮನೆಯಿಂದ ಬಂದ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತುಂಡನ್ನು ಉದ್ದಕ್ಕೆ ಸೀಳಿಸಿ ಅಂಗಡಿಯಲ್ಲಿ ಇಟ್ಟುಕೊಂಡಿದ್ದೇನೆ; ಬಂದವರಿಗೆಲ್ಲ ತೋರಿಸುತ್ತೇನೆ. ಹೆಸರಿಗೆ ಅರ್ಧ ಇಂಚು, ಒಳಗೆ ಪೆನ್ಸಿಲ್ ತೂರುವಷ್ಟೂ ಜಾಗವಿಲ್ಲ. ಗೋಡೆಯುದ್ದಕ್ಕೂ ಗಂಟು ಗಂಟಾಗಿ ತುಕ್ಕು ಬೆಳೆದಿದೆ. ಒಂದು ಗಂಟನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದಾಗ ಮೇಲಿನ ಸಿಪ್ಪೆ ಇಟ್ಟಿಗೆ ಬಣ್ಣದ್ದು, ಗಟ್ಟಿ. ಒಳಗಿನದು ಕಾಡಿಗೆಯಂಥ ಒದ್ದೆ ಕಪ್ಪು, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಗಂಟಿನ ಕೆಳಗೆ ಪೈಪಿನ ಗೋಡೆ ಕುಳಿ ಬಿದ್ದಿದೆ, ಸತುವಿನ ಲೇಪ ಯಾವಾಗಲೋ ಹೋಗಿದೆ. ಇಂಥ ಗಂಟುಗಳ ಒಳಗೆ ಕ್ಲೋರಿನ್ ತಲುಪುವುದಿಲ್ಲ. ಹಾಗಾಗಿ ರೋಗಾಣುಗಳಿಗೆ ಅದೇ ಮರೆ. ನೀರಿನಲ್ಲಿ ಅಲ್ಪಸ್ವಲ್ಪ ಬರುವ ಮ್ಯಾಂಗನೀಸ್, ಸೀಸ, ಆರ್ಸೆನಿಕ್‌ನಂಥ ಲೋಹಾಂಶಗಳನ್ನೂ ಈ ತುಕ್ಕು ವರ್ಷಗಟ್ಟಲೆ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ನೀರಿನ ಗುಣ ಬದಲಾದ ದಿನ, ಅಥವಾ ನೀರು ರಭಸದಿಂದ ನುಗ್ಗಿದ ದಿನ, ಹಿಡಿದಿಟ್ಟದ್ದನ್ನು ಬಿಟ್ಟುಬಿಡುತ್ತದೆ. ಎರಡು ದಿನಕ್ಕೊಮ್ಮೆ ಎರಡು ಗಂಟೆ ನೀರು ಬಿಡುವ ನಮ್ಮ ಪದ್ಧತಿಯಲ್ಲಿ ಪೈಪು ಒಮ್ಮೆ ಖಾಲಿ, ಒಮ್ಮೆ ತುಂಬು. ಖಾಲಿ ಇದ್ದಾಗ ಗಾಳಿ ಸೇರಿ ಒದ್ದೆ ಗೋಡೆ ಬೇಗ ತುಕ್ಕು ಹಿಡಿಯುತ್ತದೆ, ನೀರು ಬಂದಾಗ ಆ ತುಕ್ಕು ಕಿತ್ತುಕೊಂಡು ಬರುತ್ತದೆ.

ಇದೇ ಪೈಪು ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಇಷ್ಟು ಬೇಗ ಹೀಗಾಗುವುದಿಲ್ಲ. ಅಲ್ಲಿ ಗಡಸು ನೀರು; ಗೀಸರಿನ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ, ಜನ ಬೈಯುತ್ತಾರೆ, ಆದರೆ ಅದೇ ಸುಣ್ಣದ ಪದರ ಪೈಪಿನ ಒಳಗೂ ತೆಳ್ಳಗೆ ಹರಡಿ ಕಬ್ಬಿಣಕ್ಕೆ ಕವಚವಾಗುತ್ತದೆ. ನಮ್ಮದು ಮಳೆಯ ನೀರು. ಸುಣ್ಣಕಲ್ಲಿಲ್ಲದ ಬೆಟ್ಟದ ಮೇಲೆ ಬಿದ್ದು, ಕಾಡಿನ ತರಗೆಲೆಯ ಆಮ್ಲವನ್ನು ಒಂದಿಷ್ಟು ಸೇರಿಸಿಕೊಂಡು, ಹೆಚ್ಚು ಹೊತ್ತು ನೆಲದಲ್ಲಿ ತಂಗದೆ ಹರಿದು ಬರುವ ಮೆದು ನೀರು. ಸೋಪು ಥಟ್ಟನೆ ನೊರೆ ಬರುತ್ತದೆ, ಕುಡಿಯಲು ರುಚಿ. ಅದರಲ್ಲಿ ಕ್ಯಾಲ್ಸಿಯಂ ಕಡಿಮೆ, ಆಮ್ಲವನ್ನು ತಡೆದುಕೊಳ್ಳುವ ಕ್ಷಾರೀಯತೆ ಇನ್ನೂ ಕಡಿಮೆ. ಕವಚ ಕಟ್ಟಲು ಅದರಲ್ಲಿ ಸರಕೇ ಇಲ್ಲ. ನೀರು ಸುಣ್ಣವನ್ನು ಬಿಟ್ಟುಕೊಡುತ್ತದೋ ಕರಗಿಸಿಕೊಳ್ಳುತ್ತದೋ ಎಂದು ಲೆಕ್ಕ ಹಾಕುವ ಸೂತ್ರವನ್ನು ಲ್ಯಾಂಗೆಲಿಯರ್ ಎಂಬ ವಿಜ್ಞಾನಿ 1936ರಲ್ಲೇ ಕೊಟ್ಟಿದ್ದಾರೆ. ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ), ಗಡಸುತನ, ಕ್ಷಾರೀಯತೆ, ಉಷ್ಣತೆ, ಕರಗಿದ ಲವಣಗಳ ಮೊತ್ತ ಗೊತ್ತಿದ್ದರೆ ಯಾವ ಎಂಜಿನಿಯರರಾದರೂ ಕೂತಲ್ಲೇ ಮಾಡಬಹುದಾದ ಲೆಕ್ಕ ಅದು.

ಇಂಥ ನೀರಿಗೆ ಶುದ್ಧೀಕರಣ ಘಟಕದಲ್ಲಿ ನಾವು ಮಾಡುವುದೇನು? ಮಳೆಗಾಲದಲ್ಲಿ ಬಗ್ಗಡ ತಿಳಿಯಾಗಲು ಆಲಂ (ಪಟಿಕ) ಹಾಕುತ್ತೇವೆ. ಒಂದು ಮಿಲಿಗ್ರಾಂ ಆಲಂ ಸುಮಾರು ಅರ್ಧ ಮಿಲಿಗ್ರಾಂ ಕ್ಷಾರೀಯತೆಯನ್ನು ತಿನ್ನುತ್ತದೆ. ಲೀಟರಿಗೆ 20 ಮಿಲಿಗ್ರಾಂ ಕ್ಷಾರೀಯತೆ ಇರುವ ಹೊಳೆನೀರಿಗೆ, ಗುಡ್ಡದ ಕೆಮ್ಮಣ್ಣು ಇಳಿದ ದಿನ 40 ಮಿಲಿಗ್ರಾಂ ಆಲಂ ಹಾಕಿದರೆ ಲೆಕ್ಕದ ಪ್ರಕಾರ ಅಲ್ಲಿಗೆ ಎಲ್ಲ ಮುಗಿಯಿತು. 2018ರ ಆಗಸ್ಟ್‌ನಲ್ಲಿ ಬೆಟ್ಟಗಳೇ ಕುಸಿದು ಹೊಳೆಗೆ ಸೇರಿದ ದಿನಗಳನ್ನು ನೆನೆಸಿಕೊಂಡರೆ ಬಗ್ಗಡ ಎಂದರೇನು ಎಂದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಂ ಆದಮೇಲೆ ಕ್ಲೋರಿನ್. ದೊಡ್ಡ ಘಟಕಗಳಲ್ಲಿ ಸಿಲಿಂಡರಿನಿಂದ ಬರುವ ಕ್ಲೋರಿನ್ ಅನಿಲ ನೀರಿನಲ್ಲಿ ಕರಗಿದಾಗ ಅರ್ಧ ಭಾಗ ರೋಗಾಣು ಕೊಲ್ಲುವ ಹೈಪೋಕ್ಲೋರಸ್ ಆಮ್ಲವಾಗುತ್ತದೆ, ಇನ್ನರ್ಧ ನೇರವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಒಂದು ಮಿಲಿಗ್ರಾಂ ಅನಿಲಕ್ಕೆ ಸುಮಾರು 1.4 ಮಿಲಿಗ್ರಾಂ ಕ್ಷಾರೀಯತೆ ಖರ್ಚು. ಬ್ಲೀಚಿಂಗ್ ಪೌಡರಿನಲ್ಲಿ ಈ ತೊಂದರೆ ಇಲ್ಲ, ಅದು ಸ್ವತಃ ಕ್ಷಾರ. ಆದರೆ ಕಬ್ಬಿಣದ ಮಟ್ಟಿಗೆ ಎರಡೂ ಒಂದೇ. ಕ್ಲೋರಿನ್ ಯಾವ ರೂಪದಲ್ಲಿದ್ದರೂ ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಕ್ಲೋರೈಡ್ ಆಗಿ ಉಳಿಯುತ್ತದೆ, ಮತ್ತು ಕ್ಷಾರೀಯತೆ ಕಡಿಮೆ ಇರುವ ನೀರಿನಲ್ಲಿ ಕ್ಲೋರೈಡ್ ಹೆಚ್ಚಿದಷ್ಟೂ ಲೋಹದ ಮೇಲೆ ಗಟ್ಟಿ ಪದರ ನಿಲ್ಲುವುದಿಲ್ಲ.

ಕೊನೆಯ ಬೀದಿಯಲ್ಲಿ ಕ್ಲೋರಿನ್ ಇದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆಯಲ್ಲೂ ಒಂದು ಮೋಸವಿದೆ. ಇನ್ನೂ ಅನೇಕ ಕಡೆ ಆರ್ಥೋಟಾಲಿಡಿನ್ ದ್ರಾವಣವನ್ನು ಬಳಸುತ್ತಾರೆ. ಎರಡು ಹನಿ ಹಾಕಿ ನೀರು ಹಳದಿಯಾದರೆ ಕ್ಲೋರಿನ್ ಇದೆ ಎಂದು ಬರೆದುಕೊಳ್ಳುತ್ತಾರೆ. ತುಕ್ಕಿನ ಕಬ್ಬಿಣ, ಉತ್ಕರ್ಷಿತ ಮ್ಯಾಂಗನೀಸ್, ನೈಟ್ರೈಟ್ ಇದ್ದರೂ ಅದೇ ಹಳದಿ ಬರುತ್ತದೆ. ಎಲ್ಲಿ ಪೈಪು ಕೆಟ್ಟು ಕ್ಲೋರಿನ್ ಪೂರ್ತಿ ಖರ್ಚಾಗಿದೆಯೋ ಅಲ್ಲಿಯೇ ‘ಇದೆ’ ಎಂಬ ಉತ್ತರ ಬರುವ ಸಾಧ್ಯತೆ ಹೆಚ್ಚು ಎಂದಂತಾಯಿತು. ಗುಲಾಬಿ ಬಣ್ಣ ಕೊಡುವ ಡಿಪಿಡಿ ಮಾತ್ರೆ ಸಿಗುತ್ತಿರುವಾಗ ಹಳೆಯದನ್ನೇ ಹಿಡಿದುಕೊಂಡು ಕೂರುವುದಕ್ಕೆ ಕಾರಣ ನನಗಂತೂ ಕಾಣುವುದಿಲ್ಲ.

ಕೆಂಪು ನೀರು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಜನ ಚೆಲ್ಲುತ್ತಾರೆ. ನನ್ನ ನಿಜವಾದ ಆತಂಕ ಕಣ್ಣಿಗೆ ಕಾಣದ, ರುಚಿಗೆ ಸಿಗದ ಸೀಸದ್ದು. ನಮ್ಮಲ್ಲಿ ಪಾಶ್ಚಾತ್ಯ ನಗರಗಳ ಹಾಗೆ ಸೀಸದ ಪೈಪು ಹಾಕಿಲ್ಲ, ನಮಗೇಕೆ ಆ ಚಿಂತೆ ಎಂದು ಒಬ್ಬರು ಅಧಿಕಾರಿ ನನಗೆ ಕೇಳಿದ್ದರು. ನನ್ನ ಅಂಗಡಿಯ ಸಾಮಾನೇ ಅದಕ್ಕೆ ಉತ್ತರ. ಹಳೆಯ ಜಿಐ ಪೈಪಿನ ಸತುವಿನ ಲೇಪದಲ್ಲಿ ಸೀಸ ಕಲಬೆರಕೆಯಾಗಿ ಇರುತ್ತಿತ್ತು, ಶೇಕಡಾ ಒಂದರ ಆಸುಪಾಸಿನವರೆಗೂ. ಕಟಿಂಗ್ ಸುಲಭವಾಗಲೆಂದು ಹಿತ್ತಾಳೆಗೆ ಶೇಕಡಾ 2ರಿಂದ 3ರಷ್ಟು ಸೀಸ ಸೇರಿಸುವುದು ನಲ್ಲಿ, ವಾಲ್ವುಗಳ ತಯಾರಿಕೆಯಲ್ಲಿ ಸಾಮಾನ್ಯ. ಪಿವಿಸಿ ಪೈಪಿಗೂ ಬಿಸಿಯಲ್ಲಿ ಕೆಡದಿರಲಿ ಎಂದು ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಅದನ್ನು ತಡೆಯಲು ಕೇಂದ್ರ ಸರ್ಕಾರ ನಿಯಮ ತಂದದ್ದು 2021ರಲ್ಲಿ. ಅದಕ್ಕೆ ಮೊದಲು ನೆಲದಡಿ ಹೋದ ಪೈಪು ಇನ್ನೂ ನೆಲದಡಿಯೇ ಇದೆ. ಮೊನ್ನೆ ಒಂದು ಹಳೆಯ ಬಿಬ್ ಕಾಕ್ (ಗೋಡೆಯ ನಲ್ಲಿ) ಬಂದಿತ್ತು: ಹೊರಗೆ ಹಿತ್ತಾಳೆಯ ಹಳದಿ, ತುಂಡು ಮಾಡಿದರೆ ಒಳಗೋಡೆ ತಾಮ್ರದ ಹಾಗೆ ನಸುಗೆಂಪು, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಸತು ಕರಗಿ ನೀರಿನೊಂದಿಗೆ ಹೋಗಿದೆ, ತಾಮ್ರದ ಜಾಳು ಮಾತ್ರ ಉಳಿದಿದೆ. ಸತು ಹೋದ ದಾರಿಯಲ್ಲಿ ಸೀಸ ಹೋಗಿಲ್ಲ ಎಂದು ಯಾರು ಹೇಳಬಲ್ಲರು?

ಭಾರತೀಯ ಮಾನಕ 10500, ಅಂದರೆ ಕುಡಿಯುವ ನೀರಿಗೆ ನಾವೇ ಒಪ್ಪಿಕೊಂಡಿರುವ 2012ರ ಅಳತೆ, ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಸೀಸ ಇರಬಾರದು ಎನ್ನುತ್ತದೆ. ಬೇರೆ ನೀರಿನ ಮೂಲ ಇಲ್ಲದಿದ್ದರೂ ಅದಕ್ಕೆ ಸಡಿಲಿಕೆ ಇಲ್ಲ. ಪಿಎಚ್ 6.5ರಿಂದ 8.5ರ ಒಳಗಿರಬೇಕು ಎಂಬುದಕ್ಕೂ ಸಡಿಲಿಕೆ ಇಲ್ಲ. ದೇಹಕ್ಕೆ ಸೇರಿದ ಸೀಸದಲ್ಲಿ ಸುರಕ್ಷಿತ ಎನ್ನಬಹುದಾದ ಪ್ರಮಾಣ ಯಾವುದೂ ತಿಳಿದಿಲ್ಲ, ದೊಡ್ಡವರಿಗಿಂತ ಚಿಕ್ಕ ಮಕ್ಕಳ ದೇಹ ಅದನ್ನು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಮಾಡುವ ಹಾನಿ ಮರಳಿ ಸರಿಹೋಗುವಂಥದ್ದಲ್ಲ.

ಸೋಂಕುನಿವಾರಕ ಬದಲಿಸಿದ್ದಕ್ಕೆ ಒಂದು ರಾಜಧಾನಿಯ ನಲ್ಲಿಗಳಲ್ಲಿ ಸೀಸ ಏರಿದ ಕಥೆಯನ್ನು ತಾವು ಕೇಳಿರಬಹುದು. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ, ಕ್ಲೋರಿನ್ ನೀರಿನಲ್ಲಿನ ಸಾವಯವ ಅಂಶದೊಂದಿಗೆ ಸೇರಿ ಆಗುವ ಹಾನಿಕಾರಕ ಉಪವಸ್ತುಗಳನ್ನು ತಗ್ಗಿಸಬೇಕೆಂಬ ಸದುದ್ದೇಶದಿಂದಲೇ, 2000ದ ನವೆಂಬರ್‌ನಲ್ಲಿ ಕ್ಲೋರಿನ್ ಬಿಟ್ಟು, ಕ್ಲೋರಿನ್ನಿಗೆ ಅಮೋನಿಯಾ ಸೇರಿಸಿ ಮಾಡುವ ಕ್ಲೋರಮೈನ್ ಬಳಸಲು ಶುರು ಮಾಡಿದರು. ಅಲ್ಲಿಯ ಹಳೆಯ ಸೀಸದ ಪೈಪುಗಳ ಒಳಗೆ, ಪ್ರಬಲವಾದ ಕ್ಲೋರಿನ್ನಿನಿಂದಾಗಿ, ನೀರಿನಲ್ಲಿ ಕರಗದ ಸೀಸದ ಡೈಆಕ್ಸೈಡಿನ ಪದರ ಕೂತಿತ್ತು. ಅಷ್ಟು ಪ್ರಬಲವಲ್ಲದ ಕ್ಲೋರಮೈನ್ ಬಂದ ಮೇಲೆ ಆ ಪದರ ನಿಲ್ಲಲಿಲ್ಲ, ಕರಗಿ ನಲ್ಲಿಗೆ ಬಂತು. ಸಾವಿರಾರು ಮನೆಗಳ ನೀರಿನಲ್ಲಿ ಸೀಸ ಅಲ್ಲಿಯ ಮಿತಿಯನ್ನು ಮೀರಿದೆ ಎಂಬುದು ಸಾರ್ವಜನಿಕರಿಗೆ ತಿಳಿದದ್ದು 2004ರಲ್ಲಿ. ಆ ವರ್ಷವೇ ನೀರಿಗೆ ಆರ್ಥೋಫಾಸ್ಫೇಟ್ ಸೇರಿಸಿ, ಪೈಪಿನ ಒಳಗೆ ಬೇರೆ ಬಗೆಯ ಪದರ ಕೂರಿಸಿ, ಮೆಲ್ಲಗೆ ಪರಿಸ್ಥಿತಿಯನ್ನು ಹತೋಟಿಗೆ ತಂದರು.

ಮಿಷಿಗನ್ ರಾಜ್ಯದ ಫ್ಲಿಂಟ್ ಪಟ್ಟಣದ್ದು ನಮಗೆ ಇನ್ನೂ ಹತ್ತಿರದ ಪಾಠ. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ನೀರಿನ ಮೂಲವನ್ನು ಬದಲಿಸಿ, ಊರ ಹೊಳೆಯ ನೀರನ್ನು ತುಕ್ಕು ತಡೆಯುವ ಯಾವ ಉಪಚಾರವೂ ಇಲ್ಲದೆ ಪೈಪಿಗೆ ಬಿಟ್ಟರು. ಆ ನೀರಿನಲ್ಲಿ ಕ್ಲೋರೈಡ್ ಹೆಚ್ಚು. ಕಬ್ಬಿಣದ ಪೈಪುಗಳು ಕ್ಲೋರಿನ್ನನ್ನು ನುಂಗಿಹಾಕಿ, ಕೊನೆಯ ಬೀದಿಗಳಲ್ಲಿ ಬ್ಯಾಕ್ಟೀರಿಯಾ ಕಾಣಿಸಿತು. ಆಡಳಿತ ಕ್ಲೋರಿನ್ ಹೆಚ್ಚಿಸಿತು. ಹೆಚ್ಚಿಸಿದ್ದರಿಂದ ಕ್ಲೋರಿನ್ನಿನ ಉಪವಸ್ತುಗಳು ಮಿತಿ ಮೀರಿದವು. ಅದೇ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್ ಕಂಪನಿ, ಈ ನೀರು ಎಂಜಿನ್ ಭಾಗಗಳಿಗೆ ತುಕ್ಕು ಹಿಡಿಸುತ್ತಿದೆ ಎಂದು, ಬಳಸುವುದನ್ನೇ ಬಿಟ್ಟಿತು. ಎಂಜಿನ್ನಿಗೆ ಆಗದ ನೀರನ್ನು ಮಕ್ಕಳು ಮತ್ತೊಂದು ವರ್ಷ ಕುಡಿದರು. ಸೀಸದ ಜೊತೆಗೆ ಲೀಜಿಯೊನೇರ್ಸ್ ಎಂಬ ನ್ಯುಮೋನಿಯಾ ಕೂಡ ಹರಡಿ ಕನಿಷ್ಠ 12 ಜನ ಸತ್ತರು.

ನಮ್ಮಲ್ಲಿ ಕ್ಲೋರಮೈನ್ ಇಲ್ಲ, ಸೀಸದ ಪೈಪು ಇಲ್ಲ ಎಂಬುದು ಸರಿ. ಆದರೆ ನೀರಿನ ಮೂಲವನ್ನು ಬದಲಿಸುವ ಕೆಲಸವನ್ನು ನಾವು ಯಾವ ಸದ್ದೂ ಇಲ್ಲದೆ ಪ್ರತಿ ವರ್ಷ ಮಾಡುತ್ತೇವೆ. ಜೂನ್‌ನಿಂದ ಹೊಳೆಯ ಮೆದು ನೀರು. ಮಾರ್ಚ್ ಬಂದು ತೋಡು ಬತ್ತಿದಾಗ ಅದೇ ಪೈಪಿಗೆ ಬೋರ್‌ವೆಲ್ ನೀರು. ಒಂದು ನೀರಿಗೆ ಹೊಂದಿಕೊಂಡು ಕೂತ ಪದರ ಇನ್ನೊಂದು ನೀರಿಗೆ ಕಳಚುತ್ತದೆ. ಮೊದಲ ಮಳೆಯ ನಂತರ ಕೆಂಪು ನೀರಿನ ದೂರು ಹೆಚ್ಚುವುದಕ್ಕೆ ಹೊಳೆಯ ಕೆಸರೊಂದೇ ಕಾರಣ ಎಂದು ನಾವು ಅಂದುಕೊಂಡಿದ್ದೇವೆ. ಹಾಗೆಯೇ ಆಲಂ ಬದಲು ಪಾಲಿ ಅಲ್ಯೂಮಿನಿಯಂ ಕ್ಲೋರೈಡ್ ಬಳಸಲು ತೊಡಗಿದರೆ ಕ್ಷಾರೀಯತೆ ಅಷ್ಟಾಗಿ ಇಳಿಯುವುದಿಲ್ಲ, ಅದು ಒಳ್ಳೆಯದೇ. ಆದರೆ ಸಲ್ಫೇಟಿಗೆ ಹೋಲಿಸಿದರೆ ಕ್ಲೋರೈಡ್ ಏರುತ್ತದೆ, ಎರಡು ಲೋಹಗಳು ಸೇರುವ ಬೆಸುಗೆಗಳಲ್ಲಿ ಸೀಸ ಬಿಡುವುದು ಅದರಿಂದ ಹೆಚ್ಚಬಹುದು. ಹೀಗೆ ಘಟಕದಲ್ಲಿ ಮಾಡುವ ಒಂದೊಂದು ಬದಲಾವಣೆಯೂ ಎಲ್ಲೋ ದೂರದ ಅಡುಗೆಮನೆಯ ನಲ್ಲಿಯಲ್ಲಿ ಲೆಕ್ಕ ಕೇಳುತ್ತದೆ.

ನಮ್ಮ ಊರಿನ ನೀರಿನಲ್ಲಿ ಸೀಸ ಇದೆ ಎಂದು ನಾನು ಹೇಳುತ್ತಿಲ್ಲ. ಇದೆಯೋ ಇಲ್ಲವೋ ಎಂದು ಯಾರೂ ನೋಡಿಲ್ಲ ಎಂದು ಹೇಳುತ್ತಿದ್ದೇನೆ. ಮಾಹಿತಿ ಹಕ್ಕಿನಡಿ ನೀರಿನ ಪರೀಕ್ಷಾ ವರದಿಗಳ ಪ್ರತಿ ಕೇಳಿದಾಗ ನನಗೆ ಬಂದ ಹಾಳೆಗಳಲ್ಲಿ ಬಗ್ಗಡ, ಪಿಎಚ್, ಗಡಸುತನ, ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ, ಉಳಿಕೆ ಕ್ಲೋರಿನ್ (ಖರ್ಚಾಗದೆ ನೀರಿನಲ್ಲಿ ಉಳಿದಿರುವ ಕ್ಲೋರಿನ್) ಎಲ್ಲ ಇತ್ತು. ಲೋಹಗಳ ಪೈಕಿ ಕಬ್ಬಿಣ ಒಂದು ಇತ್ತು, ಸೀಸ, ಸತು, ತಾಮ್ರದ ಎದುರು ಒಂದು ಗೆರೆ ಎಳೆದಿತ್ತು. ಮಾದರಿ ಸಂಗ್ರಹಿಸಿದ ಸ್ಥಳ ಎಂಬ ಅಂಕಣದಲ್ಲಿ ಎಲ್ಲ ಹಾಳೆಗಳಲ್ಲೂ ಒಂದೇ ಉತ್ತರ: ಶುದ್ಧೀಕರಣ ಘಟಕ. ಪೈಪನ್ನು ಇನ್ನೂ ಮುಟ್ಟದ ನೀರನ್ನು ಪರೀಕ್ಷಿಸಿ ಪೈಪಿನಿಂದ ಬರುವ ಲೋಹ ಇಲ್ಲ ಎನ್ನುವುದು ಯಾವ ನ್ಯಾಯ? 2019ರಲ್ಲಿ ಜಲ ಜೀವನ್ ಮಿಷನ್ ಬಂದ ಮೇಲೆ ಹಳ್ಳಿಗಳಲ್ಲಿ ಮಹಿಳೆಯರಿಗೆ ತರಬೇತಿ ಕೊಟ್ಟು ಫೀಲ್ಡ್ ಟೆಸ್ಟ್ ಕಿಟ್ ಹಂಚಿದ್ದು ಮೆಚ್ಚತಕ್ಕ ಕೆಲಸ. ಆದರೆ ಆ ಪೆಟ್ಟಿಗೆಯಿಂದ ಸೀಸ ಅಳೆಯಲು ಬರುವುದಿಲ್ಲ, ಅದಕ್ಕೆ ಪ್ರಯೋಗಾಲಯದ ಯಂತ್ರವೇ ಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ಹಾಗೂ ಮುಖ್ಯ ವಿನಂತಿ ಇದು: ಮಾದರಿಯನ್ನು ನಲ್ಲಿಯ ಬಾಯಲ್ಲಿ ತೆಗೆಯಿರಿ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿನ ಮೊದಲ ಲೀಟರನ್ನು, ಒಂದಿಷ್ಟೂ ಹರಿಯಬಿಡದೆ, ಬೆಳಿಗ್ಗೆ ಹಿಡಿಯಬೇಕು. ಐದು ನಿಮಿಷ ಹರಿಯಬಿಟ್ಟು ಹಿಡಿದ ನೀರು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಶಾಲೆ ಮತ್ತು ಅಂಗನವಾಡಿಗಳಲ್ಲಿ ಅದು ಸೋಮವಾರದ ಬೆಳಗಿನ ನೀರಾಗಲಿ, ಶನಿವಾರ ಮಧ್ಯಾಹ್ನದಿಂದ ಅಲ್ಲಿ ನಲ್ಲಿ ತಿರುಗಿಸಿದವರಿರುವುದಿಲ್ಲ. ಹಳೆಯ ಜಿಐ ಪೈಪಿನ ಮನೆಗಳನ್ನೂ ಲೈನಿನ ಕೊನೆಯ ಮನೆಗಳನ್ನೂ ಆರಿಸಿಕೊಂಡು, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ, ಸೀಸ, ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್ ಐದನ್ನೂ ಅಳೆಸಿ, ಫಲಿತಾಂಶವನ್ನು ಕನ್ನಡದಲ್ಲಿ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿಸಬೇಕು. ಫಲಿತಾಂಶ ಚೆನ್ನಾಗಿ ಬಂದರೆ ಮೊದಲು ಸಂತೋಷಪಡುವವನು ನಾನು.

ಎರಡನೆಯದಾಗಿ, ಪ್ರತಿ ಘಟಕದಲ್ಲಿ ಪಿಎಚ್ ಜೊತೆಗೆ ಕ್ಷಾರೀಯತೆಯನ್ನೂ ದಿನವೂ ಅಳೆದು ಬರೆಯುವ ವ್ಯವಸ್ಥೆಯಾಗಲಿ, ಕಡಿಮೆ ಇದ್ದಲ್ಲಿ ಸುಣ್ಣ ಸೇರಿಸಿ ನೀರನ್ನು ಸ್ಥಿರಗೊಳಿಸಲಿ. ಹೊರದೇಶಗಳ ಹಾಗೆ ಫಾಸ್ಫೇಟ್ ಹಾಕಿ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಬೇಕಾದ ಎಚ್ಚರದ ಉಸ್ತುವಾರಿ ನಮ್ಮ ಸಣ್ಣ ಘಟಕಗಳಲ್ಲಿ ಸಾಧ್ಯವಾಗದು. ಗುಡ್ಡದ ಮೇಲಿನ ಸಣ್ಣ ಯೋಜನೆಗಳಿಗೆ ಶುದ್ಧ ಸುಣ್ಣಕಲ್ಲಿನ ಜಲ್ಲಿ ತುಂಬಿದ ತೊಟ್ಟಿಯ ಮೂಲಕ ನೀರು ಹಾಯಿಸುವ ಪದ್ಧತಿ ಎಲ್ಲಕ್ಕಿಂತ ಸುಲಭ. ಆಮ್ಲೀಯ ನೀರು ತನಗೆ ಬೇಕಾದಷ್ಟನ್ನು ಮಾತ್ರ ಕರಗಿಸಿಕೊಳ್ಳುತ್ತದೆ, ಹೆಚ್ಚಾಗುವ ಭಯವಿಲ್ಲ, ಕರೆಂಟು ಬೇಡ. ಆಗಾಗ ಜಲ್ಲಿ ತುಂಬಿಸಿ ತೊಳೆದರಾಯಿತು. ಪುಡಿಸುಣ್ಣ ಹಾಕುವಲ್ಲಿ ಮಾತ್ರ ಕೈ ಹಿಡಿತದಲ್ಲಿರಬೇಕು, ಯಾಕೆಂದರೆ ಪಿಎಚ್ 7.5 ದಾಟಿದ ಮೇಲೆ ಕ್ಲೋರಿನ್ನಿನ ರೋಗಾಣು ಕೊಲ್ಲುವ ಬಲ ಅರ್ಧಕ್ಕಿಂತ ಕೆಳಗಿಳಿಯುತ್ತದೆ, 8.5ರಲ್ಲಿ ಹತ್ತರಲ್ಲೊಂದು ಪಾಲು ಉಳಿದರೆ ಹೆಚ್ಚು. ಕ್ಲೋರಿನ್ ಹಾಕಿ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಸುಣ್ಣ ಸೇರಿಸುವುದು ಜಾಣತನ.

ಟ್ಯಾಂಕಿನಲ್ಲಿ ವಿಪರೀತ ಸುರಿದು ಕೊನೆಯ ಮನೆಗೆ ತಲುಪಿಸುವ ಪ್ರಯತ್ನವನ್ನು ದಯವಿಟ್ಟು ಕೈಬಿಡಿ. ಮಾನಕದ ಪ್ರಕಾರ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಕೊನೆಯಲ್ಲಿ ಅದು ಸಿಗದಿದ್ದರೆ ಲೈನಿನ ಮಧ್ಯದ ಟ್ಯಾಂಕಿನಲ್ಲಿ ಎರಡನೆಯ ಸಲ ಸ್ವಲ್ಪ ಸೇರಿಸಬಹುದು. ಅದಕ್ಕೂ ಮೊದಲು, ಮಳೆಗಾಲ ಹಿಡಿಯುವುದರೊಳಗೆ, ಲೈನಿನ ತುದಿಗಳಲ್ಲಿರುವ ವಾಶ್‌ಔಟ್ ವಾಲ್ವುಗಳನ್ನು ತೆರೆದು ತುಕ್ಕನ್ನು ಹೊರಹಾಕಬೇಕು. ನಮ್ಮ ಬೀದಿಯ ವಾಲ್ವಿನ ಮೇಲೆ ಈಗ ಕಾಂಕ್ರೀಟು ಬಿದ್ದಿದೆ, ಅದರ ಮೇಲೆ ಯಾರೋ ಬೈಕು ನಿಲ್ಲಿಸುತ್ತಾರೆ. ಬ್ಲೀಚಿಂಗ್ ಪೌಡರ್ ಗಾಳಿಯಾಡದ ಡ್ರಮ್ಮಿನಲ್ಲಿರಲಿ, ತಿಂಗಳಿಗೊಮ್ಮೆ ಅದರ ಬಲ ಪರೀಕ್ಷೆಯಾಗಲಿ, ನೀರುಗಂಟಿಗಳ ಕೈಗೆ ಡಿಪಿಡಿ ಕಿಟ್ ಕೊಟ್ಟು ಒಂದು ದಿನದ ತರಬೇತಿಯಾದರೂ ಸಿಗಲಿ. ಅವರಲ್ಲಿ ಹೆಚ್ಚಿನವರು ಕಲಿಯಲು ತಯಾರಿದ್ದಾರೆ, ಕೇಳಿದ್ದಕ್ಕೆ ಹೇಳುತ್ತಿದ್ದೇನೆ.

ನೀರಿನ ಮೂಲ ಬದಲಿಸುವಾಗ, ಆಲಂ ಬದಲಿಸುವಾಗ, ಕ್ಲೋರಿನ್ನಿನ ರೂಪ ಬದಲಿಸುವಾಗ ಮುಂಚಿತವಾಗಿ ಜನರಿಗೆ ತಿಳಿಸಿ, ಬದಲಾವಣೆಗೆ ಮೊದಲೊಮ್ಮೆ ನಂತರವೊಮ್ಮೆ ನಲ್ಲಿಯ ನೀರನ್ನು ಪರೀಕ್ಷಿಸಿ. ಹೊಸ ಪೈಪು, ನಲ್ಲಿಗಳ ಟೆಂಡರಿನಲ್ಲಿ ಸೀಸರಹಿತ ಎಂಬ ಷರತ್ತು ಮತ್ತು ಅದರ ಪರೀಕ್ಷಾ ಪತ್ರ ಕಡ್ಡಾಯವಾಗಲಿ. ಅಗ್ಗದ ನಲ್ಲಿಯನ್ನೇ ಎಲ್ಲರೂ ಕೇಳುವಾಗ ನನ್ನಂಥ ವರ್ತಕರು ಅದನ್ನೇ ತರಿಸುತ್ತಾರೆ. ಸರ್ಕಾರದ ಖರೀದಿ ಬದಲಾದರೆ ಮಾರುಕಟ್ಟೆಯೂ ತಾನಾಗಿ ಬದಲಾಗುತ್ತದೆ.

ತೋಟದ ಮಾಲೀಕರಲ್ಲೂ ಇಲ್ಲೇ ಒಂದು ಮಾತು. ತೋಟದ ಕೆಲಸದವರು ವಾಸಿಸುವ ಲೈನ್ ಮನೆಗಳಿಗೆ ತೋಟದ ತೋಡಿನಿಂದ ಜಿಐ ಪೈಪಿನಲ್ಲಿ ಬರುವ ನೀರು ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲ. ಅಲ್ಲಿಯ ಮಕ್ಕಳು ಕುಡಿಯುವುದು ಅದೇ ಮೆದು, ಆಮ್ಲೀಯ ನೀರು, ಇನ್ನೂ ಹಳೆಯ ಪೈಪಿನಲ್ಲಿ. ಕಾಫಿ ಗಿಡಕ್ಕಾಗಿ ಮಣ್ಣಿನ ಪಿಎಚ್ ನೋಡಿಸಿ ಸುಣ್ಣ ಹಾಕಿಸುವವರು ಕೆಲಸದವರ ನೀರಿನ ಪಿಎಚ್ಚನ್ನೂ ಒಮ್ಮೆ ನೋಡಿಸಬೇಕು. ಇಲಾಖೆ ಆ ಮಾದರಿಗಳನ್ನೂ ಜಿಲ್ಲಾ ಪ್ರಯೋಗಾಲಯದಲ್ಲಿ ಸ್ವೀಕರಿಸಬೇಕು.

ಇವೆಲ್ಲ ಆಗುವ ತನಕ ಸಾರ್ವಜನಿಕರು ಮಾಡಬಹುದಾದದ್ದನ್ನು ತಾವೇ ಪ್ರಕಟಣೆಯ ಮೂಲಕ ತಿಳಿಸಿದರೆ ನನ್ನಂಥವರು ಹೇಳುವುದಕ್ಕಿಂತ ತೂಕ ಹೆಚ್ಚು. ಬೆಳಗಿನ ಮೊದಲ ನೀರನ್ನು ಗಿಡಕ್ಕೋ ಅಂಗಳಕ್ಕೋ ಬಳಸಿ, ತಣ್ಣಗೆ ಬರತೊಡಗಿದ ಮೇಲೆ ಕುಡಿಯಲು ಹಿಡಿಯಬೇಕು. ಗೀಸರಿನ ಬಿಸಿನೀರನ್ನು ಅಡುಗೆಗೆ ಬಳಸಬಾರದು, ಬಿಸಿನೀರು ಲೋಹವನ್ನು ಹೆಚ್ಚು ಕರಗಿಸುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಕರಗಿದ ಸೀಸ ಸಿಗುವುದಿಲ್ಲ. ಆರ್‌ಒ ಯಂತ್ರ ತೆಗೆಯುತ್ತದೆ ನಿಜ, ಆದರೆ ಲೈನ್ ಮನೆಗೆ, ಅಂಗನವಾಡಿಗೆ ಆರ್‌ಒ ತಂದುಕೊಳ್ಳಿ ಎಂದು ಹೇಳುವುದು ಹೊಣೆ ಜಾರಿಸುವ ಮಾತು.

ಈ ಪತ್ರದ ಪ್ರತಿಯನ್ನು ನಮ್ಮ ವಾರ್ಡಿನ ಸದಸ್ಯರಿಗೂ ಕೊಟ್ಟಿದ್ದೇನೆ. ಮುಂದಿನ ಮುಂಗಾರಿಗೆ ಮೊದಲು ನಲ್ಲಿಯ ನೀರಿನ ಲೋಹ ಪರೀಕ್ಷೆ ಯಾವ ಊರಿನಲ್ಲಿ, ಯಾವ ತಿಂಗಳು ನಡೆಯುತ್ತದೆ ಎಂಬುದನ್ನು ತಾವು ಲಿಖಿತವಾಗಿ ಪ್ರಕಟಿಸಬೇಕು. ಮಾದರಿ ತೆಗೆಯಲು ಬರುವ ಸಿಬ್ಬಂದಿಗೆ ಹಳೆಯ ಪೈಪಿರುವ ಮನೆಗಳನ್ನು ತೋರಿಸಿಕೊಡಲು ನಾನೂ ಊರಿನ ಪ್ಲಂಬರುಗಳೂ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಪೈಪು ಮತ್ತು ನಲ್ಲಿ ಸಾಮಾನಿನ ಒಬ್ಬ ವರ್ತಕ,
ಕೊಡಗು